ಚಿತ್ರವೂ ಸಾಕ್ಷಿಯೂ

ಲೋಕದ ಸಮಾಚಾರವನ್ನಾಗಲಿ ವಿಜ್ಞಾನದ ವಿಷಯವನ್ನಾಗಲಿ ಕುರಿತು ವಾದಿಸುವಾಗ, ಮಾತಿನೊಡನೆ ಒಂದು ಚಿತ್ರವನ್ನೂ ಮುಂದಿಡುವ ಪದ್ಧತಿಯು ಈಗ ನಮ್ಮ ಮನೆಮನೆಗಳಲ್ಲಿ ಬೇರೂರಿರುವುದು ಸರ್ವರಿಗೂ ತಿಳಿದ ಸಂಗತಿಯೇ ಸರಿ. ತುಮಕೂರಿನಲ್ಲಿರುವ ಮಗಳು, ಗುಬ್ಬಿಯಲ್ಲಿರುವ ತಾಯಿ, ಕುಣಿಗಲಿನಲ್ಲಿರುವ ಅಣ್ಣ, ಸಮುದ್ರದಾಚೆ ಉದ್ಯೋಗದಲ್ಲಿರುವ ಅಳಿಯ, ಇವರೆಲ್ಲರೂ ವಾಟ್ಸಾಪಿನ ಒಂದೇ ಗುಂಪಿನಲ್ಲಿ ಸೇರಿರುತ್ತಾರೆ. ಯುದ್ಧದ ಮಾತು ಬಂದರೆ ಯುದ್ಧದ ಚಿತ್ರವೂ, ಗ್ರಹಣದ ಮಾತು ಬಂದರೆ ಗ್ರಹಣದ ಚಿತ್ರವೂ, ಹೊಸ ರೋಗದ ಮಾತು ಬಂದರೆ ರೋಗಿಗಳ ಚಿತ್ರವೂ ಕ್ಷಣಮಾತ್ರದಲ್ಲಿ ಅಲ್ಲಿಗೆ ಬಂದು ಬೀಳುತ್ತವೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥ ಒಂದು ಗುಂಪಿನಲ್ಲಾದರೂ ಇಲ್ಲದವರು ವಿರಳ. ಆದುದರಿಂದ ಈ ವಿಷಯವನ್ನು ಈ ಸ್ಮರಣ ಸಂಚಿಕೆಯಲ್ಲಿ ವಿಚಾರಮಾಡುವುದು ಅಪ್ರಕೃತವಾಗಲಾರದೆಂದು ನಂಬಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವೆವು. ಚಿತ್ರಗಳನ್ನು ಕಳುಹಿಸುವುದು ತಪ್ಪಲ್ಲ. ಅದು ಬಹು ಉಪಕಾರಿಯಾದ ಕೆಲಸವೇ ಆಗಬಹುದು. ಆದರೆ ವಾದದಲ್ಲಿ ಮುಂದಿಟ್ಟ ಚಿತ್ರವು ಸಾಕ್ಷಿಯ ಸ್ಥಾನವನ್ನು ಪಡೆಯುತ್ತದೆ. ತನ್ನ ಹೆಸರನ್ನೂ ಊರನ್ನೂ ಹೇಳಲೊಲ್ಲದವನ ಮಾತನ್ನು ಯಾವ ನ್ಯಾಯಸ್ಥಾನವೂ ಸಾಕ್ಷಿಯೆಂದು ಬರೆದುಕೊಳ್ಳುವುದಿಲ್ಲ. ಹಾಗೆಯೇ ತೆಗೆದವರು ಯಾರು, ತೆಗೆದದ್ದು ಎಲ್ಲಿ ಮತ್ತು ಯಾವಾಗ, ಅದು ತೋರಿಸುವುದು ಏನನ್ನು, ಎಂಬ ಮೂರು ಸಂಗತಿಗಳು ತಿಳಿಯದ ಚಿತ್ರವನ್ನು ಪ್ರಮಾಣವೆಂದು ನಂಬಲೂ ಬಾರದು, ಇತರರಿಗೆ ಕಳುಹಿಸಲೂ ಬಾರದು. ಮನೆಯಲ್ಲಿ ಈ ಕಟ್ಟಳೆಯನ್ನು ನೆಲೆಗೊಳಿಸುವ ಹೊಣೆಯು ವಿದ್ಯೆಯನ್ನು ಪಡೆದ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಸೇರಿದ್ದು.

ಮೊದಲು ಚಿತ್ರದಿಂದಾಗುವ ಉಪಕಾರವನ್ನು ಹೇಳೋಣ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿರುವ ಮಾರ್ಕೋನಹಳ್ಳಿಯ ಜಲಾಶಯವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ನೀರು ಒಂದು ಮಟ್ಟವನ್ನು ಮೀರಿದ ಕೂಡಲೆ ಹೆಚ್ಚಿನ ನೀರು ತಾನಾಗಿಯೇ ಹೊರಕ್ಕೆ ಧುಮುಕುವಂತೆ ಅಲ್ಲಿ ಸೈಫನ್ನುಗಳನ್ನು ಕಟ್ಟಿದ್ದಾರೆ. ಅವಕ್ಕೆ ಬಾಗಿಲೆತ್ತುವ ಆಳೂ ಬೇಕಿಲ್ಲ. ಏರಿದ ನೀರು ಕೊಳವೆಯ ಬಾಯೊಳಕ್ಕೆ ಬೀಳತೊಡಗಿದಾಗ ಒಳಗಿನ ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ; ಗಾಳಿಯು ಹೋದಮೇಲೆ ಕೊಳವೆಯು ತುಂಬಿ ರಭಸದಿಂದ ಹರಿಯುತ್ತದೆ; ಮಟ್ಟವು ಇಳಿದು ಗಾಳಿಯು ಮತ್ತೆ ಒಳಹೊಕ್ಕೊಡನೆ ಪ್ರವಾಹವು ನಿಲ್ಲುತ್ತದೆ. ಇದನ್ನು ಬರಿಯ ಬಾಯಿಮಾತಿನಿಂದ ಹೇಳಿದರೆ ಹತ್ತು ಮಂದಿಯಲ್ಲಿ ಇಬ್ಬರಿಗೆ ತಿಳಿದೀತು. ಕೊಳವೆಯನ್ನು ಉದ್ದಕ್ಕೆ ಸೀಳಿದಂತೆ ಒಂದು ರೇಖಾಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಏಳನೆಯ ತರಗತಿಯ ಹುಡುಗಿಗೂ ಗಳಿಗೆಯೊಳಗೆ ತಿಳಿಯುವುದು. ಮಾತು ಮುಟ್ಟಲಾರದ ಕಡೆಗೆ ಚಿತ್ರವು ಮುಟ್ಟುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಚಿತ್ರದ ಬಲದಿಂದ ಲೋಕವ್ಯವಹಾರವನ್ನೇ ತಿದ್ದಿದ ಇಬ್ಬರು ಮಹಿಳೆಯರನ್ನು ಇಲ್ಲಿ ನೆನೆಯುವುದು ಉಚಿತ. ಫ್ಲಾರೆನ್ಸ್ ನೈಟಿಂಗೇಲರನ್ನು ರೋಗಿಗಳ ಶುಶ್ರೂಷಕಿಯೆಂದು ಎಲ್ಲರೂ ಬಲ್ಲರು. ಅವರು ಗಣಿತದಲ್ಲಿ ನಿಪುಣರೆಂಬುದನ್ನು ಬಲ್ಲವರು ಕಡಿಮೆ. ಕ್ರಿಮಿಯಾ ಯುದ್ಧದಲ್ಲಿ ಮಡಿದ ಸಿಪಾಯಿಗಳ ಲೆಕ್ಕವನ್ನು ಅವರು ತಿಂಗಳು ತಿಂಗಳಿಗೆ ವಿಂಗಡಿಸಿ, ೧೮೫೮ರಲ್ಲಿ ಹೂವಿನ ದಳಗಳಂತೆ ಸುತ್ತಲೂ ಹರಡಿದ ಒಂದು ಬಣ್ಣದ ನಕ್ಷೆಯಾಗಿ ಪ್ರಕಟಿಸಿದರು. ಗಾಯದಿಂದ ಸತ್ತವರಿಗೆ ಒಂದು ಬಣ್ಣ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರಿಗೆ ಮತ್ತೊಂದು ಬಣ್ಣ. ಶತ್ರುವಿನ ಗುಂಡಿಗಿಂತ ಆಸ್ಪತ್ರೆಯ ಕೊಳಕೇ ಹೆಚ್ಚು ಮಂದಿಯನ್ನು ಕೊಂದಿತೆಂಬ ಸತ್ಯವು ಅಂಕಿಗಳ ಪಟ್ಟಿಯನ್ನು ಓದಲು ಬೇಸರಪಡುತ್ತಿದ್ದ ದೊಡ್ಡ ಅಧಿಕಾರಿಗಳ ಕಣ್ಣಿಗೂ ಒಂದೇ ನೋಟಕ್ಕೆ ಬಿತ್ತು. ಸೈನ್ಯದ ಆರೋಗ್ಯದ ವ್ಯವಸ್ಥೆಯಲ್ಲಿ ಮುಂದೆ ಆದ ಸುಧಾರಣೆಗಳಿಗೆ ಅವರ ಇಂಥ ಬರಹಗಳೂ ನಕ್ಷೆಗಳೂ ಬಹಳ ಮಟ್ಟಿಗೆ ಕಾರಣವಾದುವು.

ಎರಡನೆಯವರು ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಮಹಿಳೆ. ಆಗ ಆಫ್ರಿಕದ ಕಾಂಗೋ ದೇಶವು ಬೆಲ್ಜಿಯಮಿನ ದೊರೆ ಲಿಯೋಪೋಲ್ಡನ ಸ್ವಂತ ಸೊತ್ತಿನಂತೆ ಇದ್ದಿತು. ರಬ್ಬರನ್ನು ಸಾಲದಷ್ಟು ತಂದ ಹಳ್ಳಿಗರನ್ನು ಕಂಪೆನಿಯ ಕಾವಲುಗಾರರು ಕೊಲ್ಲುತ್ತಲೂ ಅಂಗಹೀನರನ್ನಾಗಿ ಮಾಡುತ್ತಲೂ ಇದ್ದರು. ೧೯೦೪ರ ಮೇ ತಿಂಗಳಲ್ಲಿ ನ್ಸಾಲಾ ಎಂಬ ಒಬ್ಬ ತಂದೆಯು ಕೊಲೆಯಾದ ತನ್ನ ಪುಟ್ಟ ಮಗಳ ಕೈಯನ್ನೂ ಕಾಲನ್ನೂ ಎಲೆಯಲ್ಲಿ ಸುತ್ತಿಕೊಂಡು ಬಾರಿಂಗಾ ಎಂಬ ಊರಿನ ಮಿಷನ್ ಮನೆಗೆ ಬಂದನು. ಆಲಿಸರು ಅವನನ್ನು ಜಗಲಿಯ ಮೇಲೆ ಕುಳ್ಳಿರಿಸಿ ಛಾಯಾಚಿತ್ರವನ್ನು ತೆಗೆದರು. ಮುಂದೆ ಅವರೂ ಅವರ ಪತಿಯೂ ಆ ಚಿತ್ರವನ್ನೂ ಅಂಥ ಇತರ ಚಿತ್ರಗಳನ್ನೂ ಮ್ಯಾಜಿಕ್ ಲ್ಯಾಂಟರ್ನಿನ ಬೆಳಕಿನಲ್ಲಿ ಪರದೆಯ ಮೇಲೆ ತೋರಿಸುತ್ತ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಊರೂರು ತಿರುಗಿ ಭಾಷಣಮಾಡಿದರು. ಜನರ ಮನಸ್ಸು ಕಲಕಿತು; ಕಡೆಗೆ ೧೯೦೮ರಲ್ಲಿ ದೊರೆಯು ಆ ದೇಶವನ್ನು ಬಿಟ್ಟುಕೊಡಬೇಕಾಯಿತು.

ಆ ಚಿತ್ರಕ್ಕೆ ಅಷ್ಟು ಬಲ ಎಲ್ಲಿಂದ ಬಂತೆಂಬುದನ್ನು ವಾಚಕರು ಗಮನಿಸಬೇಕು. ಅದು ಭಯಂಕರವಾಗಿದ್ದುದರಿಂದ ಮಾತ್ರವೇ ಅಲ್ಲ. ತಂದೆಯ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು, ದಿನ ಗೊತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ ಅದನ್ನು ತೆಗೆದವರು ಸಭೆಯ ಮುಂದೆಯೇ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ದೊರೆಯ ಕಡೆಯವರು ಸುಳ್ಳೆಂದು ಎಷ್ಟು ಕೂಗಿಕೊಂಡರೂ ಅವರ ಮಾತು ನಿಲ್ಲಲಿಲ್ಲ. ಮೂರು ಸಂಗತಿಗಳಿದ್ದ ಚಿತ್ರವು ಒಬ್ಬ ದೊರೆಗಿಂತಲೂ ಬಲಿಷ್ಠವಾಯಿತು.

ಇನ್ನು ನಮ್ಮ ಸೀಮೆಯ ಮಾತಿಗೆ ಬರುವೆವು. ವಿಜ್ಞಾನವನ್ನು ಕನ್ನಡದಲ್ಲಿ ಜನಸಾಮಾನ್ಯರಿಗೆ ಮುಟ್ಟಿಸಬೇಕೆಂಬ ಹಂಬಲವು ಇಲ್ಲಿ ಇಂದು ನಿನ್ನೆಯದಲ್ಲ. ತುಮಕೂರಿಗೆ ಸಮೀಪದ ಬೆಳ್ಳಾವೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪಾಧ್ಯಾಯರಾಗಿದ್ದು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ಬಹುಕಾಲ ಬಾಳದಿದ್ದರೂ ಅದರ ಉದ್ದೇಶವು ಬಾಳಿತು. ಇಂದು ಆಕಾಶಕಾಯದ ಒಂದು ಚಿತ್ರದ ಕೆಳಗೆ ಎರಡು ಸಾಲು ಕನ್ನಡವನ್ನು ಬರೆದು ನೆಂಟರಿಗೆ ಕಳುಹಿಸುವ ಗೃಹಿಣಿಯೂ ಅರಿತೋ ಅರಿಯದೆಯೋ ಆ ಮಹನೀಯರ ಕೆಲಸವನ್ನೇ ಮುಂದುವರಿಸುತ್ತಿದ್ದಾಳೆ. ಕೆಲಸವು ಅವರದಾದ ಮೇಲೆ ಅವರ ಶ್ರದ್ಧೆಯೂ ಇರಬೇಕಷ್ಟೆ.

ಆ ಶ್ರದ್ಧೆಯು ಎಷ್ಟು ಕುಗ್ಗಿದೆಯೆಂಬುದನ್ನು ಪ್ರತಿವರ್ಷವೂ ದೀಪಾವಳಿಯ ದಿನ ಕಾಣಬಹುದು. ದೀಪಾವಳಿಯ ರಾತ್ರಿ ಅಂತರಿಕ್ಷದಿಂದ ಭಾರತವು ಕಂಡ ಬಗೆಯೆಂದು ಹೇಳಿ, ಬಿಳಿ, ನೀಲಿ, ಹಸುರು, ಕೆಂಪು ಬಣ್ಣದ ಚುಕ್ಕೆಗಳಿಂದ ಥಳಥಳಿಸುವ ಭೂಪಟವೊಂದು ಮನೆಮನೆಗೂ ಬರುವುದು. ಇದನ್ನು ನೋಡದ ವಾಚಕರು ಇರಲಾರರು. ಅದು ಒಂದು ರಾತ್ರಿಯ ಚಿತ್ರವೇ ಅಲ್ಲ. ಅಮೆರಿಕದ ಉಪಗ್ರಹಗಳು ಹಲವು ವರ್ಷಗಳಲ್ಲಿ ಕಂಡ ರಾತ್ರಿಯ ಬೆಳಕನ್ನು ಒಟ್ಟುಗೂಡಿಸಿ, ಯಾವ ಯಾವ ಊರಿನಲ್ಲಿ ದೀಪಗಳು ಯಾವ ಕಾಲದಲ್ಲಿ ಹೆಚ್ಚಿದುವೆಂಬುದನ್ನು ತೋರಿಸಲು ಅಲ್ಲಿಯ ವಿಜ್ಞಾನಿಯೊಬ್ಬರು ೨೦೦೩ರಲ್ಲಿ ರಚಿಸಿದ ನಕ್ಷೆ. ೧೯೯೨ಕ್ಕೆ ಹಿಂದಿನಿಂದಲೇ ಕಾಣುತ್ತಿದ್ದ ಬೆಳಕು ಬಿಳಿ; ೧೯೯೨ರಲ್ಲಿ ಕಂಡದ್ದು ನೀಲಿ; ೧೯೯೮ರಲ್ಲಿ ಕಂಡದ್ದು ಹಸುರು; ೨೦೦೩ರಲ್ಲಿ ಕಂಡದ್ದು ಕೆಂಪು. ನಿಜವಾದ ದೀಪಾವಳಿಯ ಕಾಲದ ಚಿತ್ರವನ್ನು ನಾಸಾ ಸಂಸ್ಥೆಯವರು ೨೦೧೨ರ ನವೆಂಬರಿನಲ್ಲಿ ಪ್ರಕಟಿಸಿ, ಹಬ್ಬದ ಹಣತೆಗಳಿಂದ ಹೆಚ್ಚಾಗುವ ಬೆಳಕು ಅಂತರಿಕ್ಷದಿಂದ ಕಣ್ಣಿಗೆ ಹತ್ತದಷ್ಟು ಅಲ್ಪವೆಂದು ಸ್ಪಷ್ಟಪಡಿಸಿದರು. ಆದರೂ ಸುಳ್ಳು ಹೇಳಿಕೆಯ ಸಂಚಾರವು ನಿಂತಿಲ್ಲ.

ಇದರಿಂದ ಆದ ನಷ್ಟವೇನೆಂದು ಕೆಲವರು ಕೇಳಬಹುದು. ನಷ್ಟವು ಚಿತ್ರದ ಒಳಗೇ ಇದೆ. ಹನ್ನೊಂದು ವರ್ಷಗಳಲ್ಲಿ ನಮ್ಮ ದೇಶದ ಯಾವ ಮೂಲೆಗೆ ವಿದ್ಯುದ್ದೀಪವು ಹಬ್ಬಿತೆಂಬ ಅಪೂರ್ವವಾದ ಚರಿತ್ರೆಯೇ ಅದರಲ್ಲಿದೆ. ಆ ಚರಿತ್ರೆಯನ್ನು ಅಳಿಸಿ, ಅದರ ಮೇಲೆ ಒಂದು ಕಟ್ಟುಕಥೆಯನ್ನು ಅಂಟಿಸಿ ಕಳುಹಿಸಿದಂತಾಯಿತು. ನಿಜವಾದ ಸಂಗತಿಯು ಕಟ್ಟುಕಥೆಗಿಂತ ಸ್ವಾರಸ್ಯವಾಗಿದ್ದಾಗಲೂ ನಾವು ಕಥೆಯನ್ನೇ ಆರಿಸಿಕೊಂಡೆವು.

ಚಂದ್ರಯಾನದ ಸಮಯದಲ್ಲಿಯೂ ಹೀಗೆಯೇ ನಡೆಯಿತು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಾಗ ದೇಶವೆಲ್ಲವೂ ಹರ್ಷಿಸಿತು. ಆದರೆ ನೌಕೆಯ ಬಂಡಿಯು ಚಂದ್ರನ ಮಣ್ಣಿನ ಮೇಲೆ ಅಶೋಕಸ್ತಂಭದ ಮುದ್ರೆಯನ್ನು ಅಚ್ಚೊತ್ತಿದೆಯೆಂದು ಹೇಳುವ ಚಿತ್ರವೊಂದು ಕೂಡಲೆ ಎಲ್ಲ ಕಡೆಗೂ ಹರಡಿತು. ಅದು ಕಲಾವಿದನೊಬ್ಬನು ತನ್ನ ಊಹೆಯಿಂದ ರಚಿಸಿದ್ದು. ನಮ್ಮ ವಿಜ್ಞಾನಿಗಳು ಸಾಧಿಸಿದ್ದು ಸ್ವತಃ ಅದ್ಭುತವಾಗಿತ್ತು. ನೌಕೆಯ ಸಂಕೇತಗಳನ್ನು ಹಿಡಿಯುವ ದೊಡ್ಡ ಆಂಟೆನಗಳು ಬೆಂಗಳೂರಿನ ಬಳಿ ಬ್ಯಾಲಾಳಿನಲ್ಲಿಯೇ ಇವೆ. ಅವರೇ ಬಿಡುಗಡೆ ಮಾಡಿದ ಚಿತ್ರಗಳಿದ್ದಾಗ ಊಹೆಯ ಚಿತ್ರವನ್ನು ಸಾಕ್ಷಿಯಾಗಿ ಹಿಡಿಯುವುದು ಅವರ ಪರಿಶ್ರಮಕ್ಕೆ ಮಾಡಿದ ಅಗೌರವವೆಂದು ನಾವು ಭಾವಿಸುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. ಮನುಷ್ಯನು ರಚಿಸಿದ ಚಿತ್ರಗಳೆಲ್ಲವೂ ಸುಳ್ಳು ಚಿತ್ರಗಳೆಂದು ತಿಳಿಯಬಾರದು. ೨೦೧೯ರ ಏಪ್ರಿಲ್ ೧೦ರಂದು ಪ್ರಕಟವಾದ ಕಪ್ಪುಕುಳಿಯ ಚಿತ್ರವನ್ನು ತೆಗೆದುಕೊಳ್ಳೋಣ. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿರುವ ಆ ಕುಳಿಯ ಸುತ್ತಣ ರೇಡಿಯೋ ಅಲೆಗಳನ್ನು ಭೂಮಿಯ ಬೇರೆ ಬೇರೆ ಕಡೆಗಳಲ್ಲಿದ್ದ ಎಂಟು ದೂರದರ್ಶಕಗಳು ೨೦೧೭ರಲ್ಲಿ ಏಕಕಾಲದಲ್ಲಿ ಹಿಡಿದುವು; ಆಮೇಲೆ ನೂರಾರು ವಿಜ್ಞಾನಿಗಳು ಎರಡು ವರ್ಷ ಲೆಕ್ಕಹಾಕಿ ಚಿತ್ರವನ್ನು ಕಟ್ಟಿದರು. ಅದರ ಕಿತ್ತಳೆ ಬಣ್ಣವೂ ಅವರೇ ಕೊಟ್ಟದ್ದು. ರೇಡಿಯೋ ಅಲೆಗೆ ಕಣ್ಣಿಗೆ ಕಾಣುವ ಬಣ್ಣವೆಲ್ಲಿಯದು? ಹೀಗಿದ್ದರೂ ಅದು ಸತ್ಯವಾದ ಚಿತ್ರ. ಏಕೆಂದರೆ ಹೇಗೆ ಕಟ್ಟಿದೆವು, ಬಣ್ಣವನ್ನು ಏಕೆ ಕೊಟ್ಟೆವು ಎಂಬುದನ್ನು ಅವರು ಮರೆಮಾಚದೆ ಬರೆದಿಟ್ಟರು. ಬೇರೆಯವರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ರಚನೆಗೂ ವಂಚನೆಗೂ ಇರುವ ಅಂತರವು ಇದೇ. ಈಗ ಯಂತ್ರಗಳೇ ಕಣ್ಣುಮುಚ್ಚಿ ತೆರೆಯುವುದರೊಳಗೆ ಇಲ್ಲದ ಮನುಷ್ಯರ, ನಡೆಯದ ಘಟನೆಗಳ ಚಿತ್ರಗಳನ್ನು ಬರೆದುಕೊಡುವ ಕಾಲವು ಬಂದಿರುವುದರಿಂದ ಈ ಭೇದವನ್ನು ಮಕ್ಕಳಿಗೆ ಕಲಿಸುವುದು ಹಿಂದೆಂದಿಗಿಂತಲೂ ಅಗತ್ಯ.

ಚಿತ್ರವನ್ನು ಪಡೆದವರ ಹೆಸರನ್ನು ಹೇಳುವುದು ನ್ಯಾಯದ ಪ್ರಶ್ನೆಯೂ ಹೌದು. ಜೀವಿಗಳ ಆನುವಂಶಿಕ ಗುಣಗಳನ್ನು ಹೊರುವ ಡಿ.ಎನ್.ಎ. ಎಂಬ ದ್ರವ್ಯದ ಆಕಾರವನ್ನು ಕಂಡುಹಿಡಿಯುವುದಕ್ಕೆ ಬಹು ನೆರವಾದ ಕ್ಷ-ಕಿರಣದ ಚಿತ್ರವೊಂದು ೧೯೫೨ರಲ್ಲಿ ಲಂಡನ್ನಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯನಿಂದ ತೆಗೆಯಲ್ಪಟ್ಟಿತು. ಅದನ್ನು ಅವರಿಗೆ ತಿಳಿಯದಂತೆಯೇ ಮತ್ತೊಬ್ಬ ವಿಜ್ಞಾನಿಗೆ ತೋರಿಸಲಾಯಿತು. ೧೯೫೮ರಲ್ಲಿ ಅವರು ತೀರಿಕೊಂಡರು. ೧೯೬೨ರಲ್ಲಿ ನೊಬೆಲ್ ಬಹುಮಾನವು ಮೂವರು ಪುರುಷರಿಗೆ ಬಂದಿತು. ಫ್ರಾಂಕ್ಲಿನ್ನರ ಹೆಸರು ಲೋಕದ ಬಾಯಲ್ಲಿ ನಿಲ್ಲುವುದಕ್ಕೆ ಅನೇಕ ವರ್ಷಗಳು ಬೇಕಾದುವು. ಚಿತ್ರದೊಡನೆ ಹೆಸರು ಹೋಗದಿದ್ದರೆ ಯಾರ ದುಡಿಮೆಯು ಮರೆಯಾಗುವುದೆಂಬುದನ್ನು ನಮ್ಮ ಹೆಣ್ಣುಮಕ್ಕಳು ಇದರಿಂದ ತಿಳಿಯಬಹುದು.

ಇಷ್ಟರವರೆಗೆ ಹೇಳಿದ್ದು ಜ್ಞಾನದ ಹಾನಿ. ಇನ್ನು ಪ್ರಾಣಹಾನಿಯ ಮಾತು. ೨೦೧೮ರ ಬೇಸಗೆಯಲ್ಲಿ ಮಕ್ಕಳ ಕಳ್ಳರು ಊರೊಳಗೆ ಬಂದಿರುವರೆಂಬ ಗುಲ್ಲಿನೊಡನೆ ಚಲಚ್ಚಿತ್ರದ ತುಣುಕೊಂದು ನಮ್ಮ ನಾಡಿನಲ್ಲಿ ಹರಡಿತು. ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಅದರಲ್ಲಿ ಕಾಣುತ್ತಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ವಿಷಯದಲ್ಲಿ ತಾಯಿತಂದೆಗಳು ಜಾಗರೂಕರಾಗಿರಲೆಂದು ಒಂದು ಸೇವಾಸಂಸ್ಥೆಯವರು ನಟರಿಂದ ಆಡಿಸಿ ತೆಗೆದ ಚಿತ್ರ. ಮೂಲದಲ್ಲಿ ಆ ಸವಾರರು ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ಬಿಡಿಸಿ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟರು. ಅದರೊಡನೆ, ೨೦೧೩ರಲ್ಲಿ ಸಿರಿಯಾ ದೇಶದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳ ಚಿತ್ರವನ್ನೂ ಸೇರಿಸಿ, ಇವರು ಕಳ್ಳರಿಂದ ಹತರಾದ ಮಕ್ಕಳೆಂದು ಸಾರಿದರು.

ಇದರ ಫಲವೇನಾಯಿತು? ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ಎಂಜಿನಿಯರೊಬ್ಬನು ಅದೇ ರೀತಿ ಸತ್ತನು. ಅವರು ಮಾಡಿದ ಅಪರಾಧವು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟನ್ನು ಕೊಟ್ಟದ್ದು. ಗುಂಪಿನಿಂದ ತಪ್ಪಿಸಿಕೊಂಡು ಅವರು ಕಾರಿನಲ್ಲಿ ಹೊರಟಾಗ ಅವರ ಚಿತ್ರವೇ ಮೊಬೈಲುಗಳ ಮೂಲಕ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲಪಿತು. ಅಲ್ಲಿಯವರು ದಾರಿಯನ್ನು ಅಡ್ಡಗಟ್ಟಿ ಕಾದಿದ್ದರು. ಆ ಚಿತ್ರಗಳನ್ನು ಕಳುಹಿಸಿದವರಲ್ಲಿ ಬಹುಮಂದಿ ಕ್ರೂರಿಗಳಲ್ಲ. ತಮ್ಮ ಮಕ್ಕಳ ಮೇಲಿನ ಮಮತೆಯಿಂದ ಕಳುಹಿಸಿದ ತಾಯಿತಂದೆಗಳೇ ಇದ್ದಿರಬೇಕು. ಮಮತೆಯು ವಿಚಾರವನ್ನು ಕಳೆದುಕೊಂಡರೆ ಅದೂ ಒಂದು ಆಯುಧವಾಗುವುದೆಂಬುದಕ್ಕಿಂತ ಬೇರೆ ಪಾಠವು ಇದರಲ್ಲಿಲ್ಲ. ಆ ಬಳಿಕ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದು ಕಡೆಗಳಿಗಿಂತ ಹೆಚ್ಚಾಗಿ ದಾಟಿಸದಂತೆ ಮಿತಿಯನ್ನು ಹಾಕಿದರು. ಯಂತ್ರಕ್ಕೆ ಮಿತಿಯನ್ನು ಹಾಕಬಹುದು. ಮನಸ್ಸಿಗೆ ಮಿತಿಯನ್ನು ಹಾಕಿಕೊಳ್ಳಬೇಕಾದವರು ನಾವು.

ಯುದ್ಧದ ಸಮಯದಲ್ಲಿ ಈ ಪಿಡುಗು ಇಮ್ಮಡಿಯಾಗುವುದು. ೨೦೨೫ರ ಮೇ ತಿಂಗಳಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಘರ್ಷಣೆಯಾದಾಗ, ಬೇರೆ ದೇಶಗಳ ಹಳೆಯ ಚಿತ್ರಗಳೂ ಕಂಪ್ಯೂಟರಿನಲ್ಲಿ ಹುಡುಗರು ಆಡುವ ಯುದ್ಧದ ಆಟದ ದೃಶ್ಯಗಳೂ ಕೂಡ ರಣರಂಗದ ಚಿತ್ರಗಳೆಂದು ಎರಡು ದೇಶಗಳಲ್ಲಿಯೂ ಸಂಚರಿಸಿದುವು. ಆಟದ ಬೆಂಕಿಯನ್ನು ನೋಡಿ ನಿಜವಾದ ದ್ವೇಷವು ಉರಿಯಿತು.

ದೂರದ ಯುದ್ಧವು ಹಾಗಿರಲಿ. ನಮ್ಮ ಮನೆಬಾಗಿಲಿನ ವಿವಾದವನ್ನೇ ನೋಡೋಣ. ಹೇಮಾವತಿಯ ನೀರನ್ನು ಗುಬ್ಬಿ ತಾಲ್ಲೂಕಿನಿಂದ ನೇರವಾಗಿ ಕುಣಿಗಲಿನ ಕಡೆಗೆ ಒಯ್ಯುವ ಲಿಂಕ್ ಕಾಲುವೆಯ ವಿಷಯದಲ್ಲಿ ಜಿಲ್ಲೆಯ ಜನರಲ್ಲಿ ತೀವ್ರವಾದ ಭಿನ್ನಾಭಿಪ್ರಾಯವು ತಲೆದೋರಿ, ೨೦೨೫ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯು ನಡೆದುದನ್ನು ವಾಚಕರು ಬಲ್ಲರು. ಯಾವ ಪಕ್ಷವು ಸರಿಯೆಂದು ತೀರ್ಪುಹೇಳುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಗುಬ್ಬಿಯವರೂ ಕುಣಿಗಲಿನವರೂ ಇದ್ದಾರೆ. ಬಿರುಕುಬಿಟ್ಟ ಒಂದು ಕೆರೆಯಂಗಳದ ಚಿತ್ರವನ್ನು ಇಬ್ಬರಲ್ಲಿ ಯಾರು ಬೇಕಾದರೂ ತಮ್ಮ ಕಷ್ಟಕ್ಕೆ ಸಾಕ್ಷಿಯೆಂದು ತೋರಿಸಬಹುದು. ಆದರೆ ಅದು ಯಾವ ಊರ ಕೆರೆ? ಏಪ್ರಿಲಿನದೋ ನವೆಂಬರಿನದೋ? ಈ ವರ್ಷದ್ದೋ ಹತ್ತು ವರ್ಷದ ಹಿಂದಿನ ಬರಗಾಲದ್ದೋ? ಇದು ತಿಳಿಯದಿದ್ದರೆ ಆ ಚಿತ್ರವು ನೀರಿನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಗೆಳತಿಯರಲ್ಲಿ ವೈರವನ್ನು ಮಾತ್ರ ಬಿತ್ತುವುದು. ತಿಳಿದಿದ್ದರೆ ಅದೇ ಚಿತ್ರವು ಎರಡು ಪಕ್ಷದವರೂ ಒಪ್ಪಿಕೊಳ್ಳಬೇಕಾದ ಆಧಾರವಾಗುವುದು.

ಹಾಗಾದರೆ ಯಾವ ಚಿತ್ರವನ್ನೂ ನಂಬದಿರುವುದೇ ಕ್ಷೇಮವೆಂದು ಕೆಲವರು ಹೇಳಿಯಾರು. ಅದೂ ಸರಿಯಲ್ಲ. ೨೦೧೯ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ಪ್ರವಾಹವು ಬಂದಾಗ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಮೊಸಳೆಯೊಂದು ಮನೆಯ ಛಾವಣಿಯ ಮೇಲೆ ಮಲಗಿರುವ ಚಿತ್ರವು ಬಂದಿತು. ನೋಡಿದೊಡನೆ ಕಟ್ಟುಚಿತ್ರವೆಂದು ನಗುವಂತಿತ್ತು. ಆದರೆ ಅದು ನಿಜ. ಊರೂ ತಾಲ್ಲೂಕೂ ದಿನವೂ ಗೊತ್ತಿದ್ದುದರಿಂದ ನಿಜವೆಂದು ನಿಶ್ಚಯಿಸುವುದು ಸಾಧ್ಯವಾಯಿತು. ಕಂಡದ್ದನ್ನೆಲ್ಲ ನಂಬುವವನೂ ಯಾವುದನ್ನೂ ನಂಬದವನೂ ಇಬ್ಬರೂ ವಿಚಾರಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವವರೇ. ಎಲ್ಲವೂ ಸುಳ್ಳೆಂಬ ಭಾವನೆಯು ಬಲಿತರೆ, ಮುಂದೆ ನ್ಸಾಲಾನಂಥ ಒಬ್ಬ ತಂದೆಯು ತನ್ನ ದುಃಖವನ್ನು ತೋರಿಸಲು ಬಂದಾಗ ಅವನನ್ನು ನಂಬುವವರು ಯಾರು?

ಮತ್ತೆ ಕೆಲವರು, ನಾವು ಬರೆದದ್ದಲ್ಲ, ನಮಗೆ ಬಂದದ್ದನ್ನು ಹಾಗೆಯೇ ದಾಟಿಸಿದೆವಷ್ಟೆ, ನಮಗೇನು ಹೊಣೆ ಎನ್ನುತ್ತಾರೆ. ಅವರಿಗೆ ನಮ್ಮ ಉತ್ತರವೇನೆಂದರೆ: ಹಳಸಿದ ಅನ್ನವನ್ನು ನಾವು ಬೇಯಿಸಲಿಲ್ಲವೆಂದು ಅತಿಥಿಗೆ 
ಬಡಿಸುತ್ತೇವೆಯೆ? ಬಡಿಸುವ ಕೈಗೂ ಹೊಣೆಯುಂಟು. ಅಷ್ಟೇ ಅಲ್ಲ, ಯಾರೋ ಅಪರಿಚಿತನ ಮಾತನ್ನು ಯಾರೂ ಅಷ್ಟಾಗಿ ಲಕ್ಷಿಸುವುದಿಲ್ಲ. ಓದಿದ ಮಗಳು ಕಳುಹಿಸಿದಳು, ಟೀಚರಮ್ಮನವರು ಕಳುಹಿಸಿದರು ಎಂದಾಗ ಜನರು ನಂಬುತ್ತಾರೆ. ನಾವು ದಾಟಿಸುವ ಪ್ರತಿಯೊಂದು ಚಿತ್ರದೊಡನೆ ನಮ್ಮ ಮೇಲಿನ ಆ ನಂಬಿಕೆಯೂ ಹೋಗುತ್ತದೆ. ಸುಳ್ಳು ಸಾಕ್ಷಿಗೆ ನಮ್ಮ ಹೆಸರಿನ ಮುದ್ರೆಯನ್ನು ಒತ್ತಿದಂತಾಗುತ್ತದೆ.

ಇದಕ್ಕೆಲ್ಲ ಹೊತ್ತೆಲ್ಲಿದೆ ಎಂದು ಕೇಳುವವರಿಗೆ ಹೇಳುವುದಿಷ್ಟೇ. ಇದಕ್ಕೆ ಬೇಕಾದದ್ದು ಎರಡು ನಿಮಿಷ. ಚಿತ್ರವನ್ನೇ ಕೊಟ್ಟು ಅದು ಮೊದಲು ಎಲ್ಲಿ ಪ್ರಕಟವಾಯಿತೆಂದು ಹುಡುಕುವ ಸೌಕರ್ಯವು ಈಗ ಮೊಬೈಲಿನಲ್ಲಿಯೇ ಇದೆ. ಹೈಸ್ಕೂಲಿನ ಮಕ್ಕಳು ಅದನ್ನು ಬಲ್ಲರು. ಅವರಿಂದ ಹಿರಿಯರು ಕಲಿಯಬಹುದು. ಹುಡುಕಿಯೂ ತಿಳಿಯದಿದ್ದರೆ ಕಳುಹಿಸದೆ ಸುಮ್ಮನಿರಬಹುದು. ಕಳುಹಿಸದ ಚಿತ್ರದಿಂದ ಯಾರಿಗೂ ಕೇಡಾದದ್ದನ್ನು ನಾವು ಕೇಳಿಲ್ಲ.

ಆದುದರಿಂದ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಈ ಪದ್ಧತಿಯನ್ನು ಆರಂಭಿಸಬೇಕೆಂದು ಬಿನ್ನವಿಸುತ್ತೇವೆ. ಲೋಕದ ವಿಷಯವಾಗಲಿ ವಿಜ್ಞಾನದ ವಿಷಯವಾಗಲಿ, ಚಿತ್ರದ ಕೆಳಗೆ ಮೂರು ಸಾಲುಗಳನ್ನು ಬರೆಯತಕ್ಕದ್ದು. ಮೊದಲನೆಯ ಸಾಲಿನಲ್ಲಿ ತೆಗೆದವರು ಅಥವಾ ಪ್ರಕಟಿಸಿದವರು. ಎರಡನೆಯದರಲ್ಲಿ ಸ್ಥಳವೂ ದಿನಾಂಕವೂ. ಮೂರನೆಯದರಲ್ಲಿ ಅದು ತೋರಿಸುವ ಸಂಗತಿ, ಅದಕ್ಕಿಂತ ಒಂದು ಅಕ್ಷರವೂ ಹೆಚ್ಚಿಲ್ಲದೆ. ಸತ್ತವರ ಮತ್ತು ನೊಂದವರ ಚಿತ್ರಗಳನ್ನು, ಅವುಗಳಿಂದ ಅವರಿಗೆ ನ್ಯಾಯ ದೊರೆಯುವುದೆಂಬ ನಿಶ್ಚಯವಿಲ್ಲದೆ, ಕಳುಹಿಸಲೇಬಾರದು. ಅವರೂ ಯಾರದೋ ಮನೆಯ ಮಕ್ಕಳು.

ಹಿರಿಯರು ತಪ್ಪು ಚಿತ್ರವನ್ನು ಕಳುಹಿಸಿದಾಗ ಎಲ್ಲರ ಎದುರಿಗೆ ಅವರನ್ನು ಅವಮಾನಪಡಿಸುವುದು ನಮ್ಮ ಮನೆತನಗಳ ನಡೆಯಲ್ಲ; ಸುಮ್ಮನಿದ್ದುಬಿಡುವುದೂ ವಿದ್ಯಾವಂತರ ನಡೆಯಲ್ಲ. “ಮಾವನವರೇ, ಈ ಚಿತ್ರ ಎಲ್ಲಿಯದೆಂದು ತಮಗೆ ಬರೆದು ಕಳುಹಿಸಿದ್ದಾರೆಯೆ?” ಎಂದು ವಿನಯದಿಂದ ಬೇರೆಯಾಗಿ ಕೇಳಿದರೆ, ಮುಕ್ಕಾಲುಪಾಲು ಹಿರಿಯರು ತಾವೇ ಅದನ್ನು ತೆಗೆದುಹಾಕುವರು. ತಪ್ಪು ಹರಡಿದ ಕಡೆಯಲ್ಲಿಯೇ ತಿದ್ದುಪಡಿಯೂ ಕಾಣಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಕಡೆಯದಾಗಿ ಒಂದು ಸಲಹೆ. ಇತರರ ಚಿತ್ರಗಳನ್ನು ಶೋಧಿಸುವುದರಲ್ಲಿಯೇ ತೃಪ್ತರಾಗದೆ ನಾವೇ ಒಳ್ಳೆಯ ಸಾಕ್ಷಿಚಿತ್ರಗಳನ್ನು ಏಕೆ ಸಿದ್ಧಪಡಿಸಬಾರದು? ವಿಜ್ಞಾನವೂ ಲೋಕವ್ಯವಹಾರವೂ ಈಗ ನಮ್ಮ ಜಿಲ್ಲೆಯಿಂದ ದೂರವಿಲ್ಲ. ಪಾವಗಡದ ಸುಮಾರು ೧೩,೦೦೦ ಎಕರೆ ಬೆಂಗಾಡಿನಲ್ಲಿ ೨,೦೫೦ ಮೆಗಾವಾಟ್ ಶಕ್ತಿಯ ಸೌರ ವಿದ್ಯುದಾಗಾರವು ನಿಂತಿದೆ. ಅದನ್ನು ಉಪಗ್ರಹಗಳು ಆಕಾಶದಿಂದ ಗುರುತಿಸುತ್ತವೆ. ಗುಬ್ಬಿ ತಾಲ್ಲೂಕಿನಲ್ಲಿ ೨೦೨೩ರ ಫೆಬ್ರವರಿಯಲ್ಲಿ ಹೆಲಿಕಾಪ್ಟರುಗಳ ಕಾರ್ಖಾನೆಯು ಪ್ರಾರಂಭವಾಯಿತು. ಇವಕ್ಕಿಂತಲೂ ಹಳೆಯವು ನಮ್ಮ ಕೆರೆಗಳು. ತುಮಕೂರಿನ ಅಮಾನಿಕೆರೆ, ಗುಬ್ಬಿಯ ಕೆರೆ, ಜನಪದರ ಹಾಡಿನಲ್ಲಿ ಹೆಸರಾದ ಕುಣಿಗಲಿನ ದೊಡ್ಡಕೆರೆ, ಈ ಮೂರನ್ನೂ ಆಯಾ ಊರಿನ ಹಳೆಯ ವಿದ್ಯಾರ್ಥಿನಿಯರು ಪ್ರತಿ ತಿಂಗಳ ಮೊದಲನೆಯ ದಿನ ಏರಿಯ ಒಂದೇ ಸ್ಥಳದಲ್ಲಿ ನಿಂತು, ಒಂದೇ ಗುರುತನ್ನು ನೋಡುತ್ತ ಚಿತ್ರತೆಗೆದು, ದಿನಾಂಕವನ್ನೂ ತಮ್ಮ ಹೆಸರನ್ನೂ ಬರೆದು ಶಾಲೆಗೆ ಕಳುಹಿಸಲಿ. ಶಾಲೆಯ ಮಕ್ಕಳು ಅವನ್ನು ಅಲ್ಬಮಿನಲ್ಲಿ ಕ್ರಮವಾಗಿ ಅಂಟಿಸಿ, ಪಕ್ಕದಲ್ಲಿ ಆ ತಿಂಗಳ ಮಳೆಯ ಅಳತೆಯನ್ನು ಬರೆಯಲಿ.

ಮೊದಲ ವರ್ಷ ಅದು ಒಂದೊಂದು ಕೆರೆಗೆ ಹನ್ನೆರಡು ಚಿತ್ರಗಳ ಒಂದೊಂದು ಪುಟವಾಗಿ ಮಾತ್ರ ಕಂಡೀತು. ಇಪ್ಪತ್ತು ವರ್ಷಗಳಲ್ಲಿ ಮಳೆಯ, ಬರದ, ಊರಿನ ಬೆಳವಣಿಗೆಯ ಚರಿತ್ರೆಯಾಗುವುದು. ಹೇಮಾವತಿಯ ನೀರು ಯಾರಿಗೆ ಎಷ್ಟು ಬಂತೆಂದು ಮುಂದೆ ಎಂದಾದರೂ ವಾದ ನಡೆದಾಗ, ಗುಬ್ಬಿಯವರೂ ಕುಣಿಗಲಿನವರೂ ಸಮಾನವಾಗಿ ನಂಬಬಹುದಾದ ಸಾಕ್ಷಿಯು ಈ ಶಾಲೆಯ ಬೀರುವಿನಲ್ಲಿ ದೊರೆಯುವುದು. ಅದಕ್ಕೆ ಹಣವು ಬೇಕಿಲ್ಲ, ದೊಡ್ಡ ಯಂತ್ರಗಳು ಬೇಕಿಲ್ಲ. ತಿಂಗಳಿಗೊಮ್ಮೆ ಏರಿಯ ಮೇಲೆ ನಿಲ್ಲುವ ಮೂವರು ಹೆಣ್ಣುಮಕ್ಕಳು ಬೇಕು. ಬರುವ ಜೂನ್ ತಿಂಗಳ ಮೊದಲನೆಯ ದಿನವೇ ಇದು ಪ್ರಾರಂಭವಾಗಲೆಂದು ಹಾರೈಸುತ್ತೇವೆ.